ಎಳೆ ಇದೆಯಾ

ಮಧ್ಯಾಹ್ನ ಹನ್ನೆರಡಾದರೆ ಸಾಕು,
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ದೊಡ್ಡ ಪರದೆ
ಒಂದು ಅಂಕಿ ಹೇಳಿ, ನಿಂತು,
ಉಸಿರೆಳೆದುಕೊಂಡು ಇನ್ನೊಂದು ಹೇಳುತ್ತಿತ್ತು.
"ಏನಮ್ಮ ಕಂಪ್ಯೂಟರ್ ಮೇಡಂ,
ನಿಮ್ಮ ಮಿಷನ್ನಿಗೂ ಸಪ್ಪೆ ರೋಗವಾ?"
ರೀಲರುಗಳು ನಕ್ಕರು. ನಾನೂ ನಕ್ಕೆ.
ಆರಿಸಿ ಹಚ್ಚಿದೆ. ಎರಡು ಗಂಟೆ ಸರಿಯಿತ್ತು,
ಆಮೇಲೆ ಮತ್ತದೇ.

ಮೂರನೇ ರಾತ್ರಿ ಮನೆಗೆ ಹೋಗದೆ ಕೂತೆ.
ಜಾಲರಿಗಳೆಲ್ಲ ಖಾಲಿ. ಗೂಡಿನ ವಾಸನೆ ಮಾತ್ರ
ಯಾರೂ ಕೊಳ್ಳದೆ ಉಳಿದಿತ್ತು.

ಸಿಕ್ಕಿದ್ದು ಇಷ್ಟು:
ಒಂದು ಲಾಟ್ ಹರಾಜಿಗೆ ಬಂದಾಗ
ಒಬ್ಬೊಬ್ಬ ರೀಲರಿನ ಹೆಸರಲ್ಲೂ ಒಂದು ಕಿವಿ ಕೂರಿಸುತ್ತೇನೆ,
ಬೆಲೆ ಏರಿದರೆ ಕೇಳಿಸಿಕೊಂಡು ಅವರ ಫೋನಿಗೆ ಹೇಳಲಿ ಅಂತ.
ಲಾಟ್ ಮಾರಿಹೋಗುತ್ತದೆ. ಬೆಳೆದವನು ಚೀಟಿ ಮಡಚಿಕೊಂಡು
ಚಿಂತಾಮಣಿ ಬಸ್ಸು ಹತ್ತುತ್ತಾನೆ.
ಗೂಡು ಕುದಿನೀರಿಗೆ ಬೀಳುತ್ತದೆ.
ಕಿವಿ ಕೂತೇ ಇರುತ್ತದೆ.
ಕೂರಿಸುವ ಸಾಲು ಬರೆದವಳು ನಾನು.
ಎಬ್ಬಿಸುವ ಸಾಲು ಬರೆದೇ ಇರಲಿಲ್ಲ.

ಒಳಗೆ ಕಸ ತೆಗೆಯುವವನು ಒಬ್ಬನಿದ್ದಾನೆ.
ಸೋಮಾರಿಯಲ್ಲ. ನಮ್ಮ ಬೀದಿಗೆ ಸಂಜೆ ಬರುವ
ಪ್ಯೂಪಾ ಗಂಗುಲಪ್ಪನ ಹಾಗೆ:
ಸೈಕಲ್ಲಿಗೆ ಎರಡು ಡಬ್ಬ ಕಟ್ಟಿಕೊಂಡು
ಒಂದೊಂದು ಬೇಸಿನ್ನಿನ ಮುಂದೆ ನಿಂತು
ಒಂದೇ ಪ್ರಶ್ನೆ, "ಎಳೆ ಇದೆಯಾ?"
ಇದ್ದರೆ ಮುಟ್ಟುವುದಿಲ್ಲ.
ಇಲ್ಲದಿದ್ದರೆ ಡಬ್ಬಕ್ಕೆ.
ಹುಳು ಸತ್ತು ಎಷ್ಟು ಹೊತ್ತಾಯಿತು ಅಂತ
ಅವನು ಕೇಳಿದ್ದನ್ನು ನಾನು ಕಂಡಿಲ್ಲ.

ನನ್ನ ಒಂದೊಂದು ಕಿವಿಯೂ
ಮುಗಿದುಹೋದ ಒಂದೊಂದು ಲಾಟಿನ ಎಳೆ ಹಿಡಿದಿತ್ತು.
ನಲವತ್ತು ಸಾವಿರ ಚಿಲ್ಲರೆ.
ಪಾಪ, ಅವನು ಬಂದು ಬಂದು ನೋಡಿ,
ಎಳೆ ಇದೆ ಅಂತ ಸುಮ್ಮನೆ ಹೋಗಿದ್ದಾನೆ.

ಎಬ್ಬಿಸುವ ಸಾಲು ಬರೆದೆ.
ಹಾಗೇ ಹೆಸರಿನ ಪಟ್ಟಿಯನ್ನೂ ಜಾಡಿಸುತ್ತ ಹೋದರೆ
ಲೈಸೆನ್ಸ್ ನಾನೂರ ಹದಿನೇಳು, ಇನಾಯತುಲ್ಲಾ.
ತೀರಿಕೊಂಡು ಎಂಟು ತಿಂಗಳು. ಆವತ್ತೂ ಹರಾಜು ನಡೆದಿತ್ತು.
ಅಂದಿನಿಂದ ಪ್ರತಿ ಲಾಟಿಗೂ ಅವರದೊಂದು ಕಿವಿ,
ಐದು ರೂಪಾಯಿ ಏರಿದರೂ ಅವರಿಗೆ ಸುದ್ದಿ.
ಎದ್ದು ನೀರು ಕುಡಿದು ಬಂದೆ.
ತೆಗೆದೆ.

ಮರುದಿನ ಪರದೆ ಹರಿದಾಡಿತು.
ಯಾರೂ ಏನೂ ಅನ್ನಲಿಲ್ಲ.
ಸರಿಯಾಗಿ ಓಡುವುದು ಯಾರ ಕಣ್ಣಿಗೆ ಬೀಳುತ್ತದೆ?

ನಾಲ್ಕನೇ ದಿನ ಕಿಟಕಿಗೆ ಬಂದವರು ಶಮೀಮ್ ಬಾನು.
ಬೆರಳ ತುಂಬ ಬಿಸಿನೀರಿನ ಬಿಳಿ ಸುಕ್ಕು.
"ನಮ್ಮವರ ಫೋನು ಕೂಗ್ತಾ ಇಲ್ಲ."
ಎಂಟು ತಿಂಗಳ ಮಾತನ್ನು ನಾನು ಎಲ್ಲಿಂದಲೋ ಶುರುಮಾಡಿದೆ,
ಅವರು ತಡೆದರು.
"ಅಳೋಕೆ ಬಂದಿಲ್ಲಮ್ಮ.
ಮೊದಲನೇ ಟಿಂಗ್ ಬಂದಾಗ ನಾನು ಒಲೆ ಹಚ್ಚೋದು.
ಮೈದುನ ಗೂಡು ತರೋಷ್ಟರಲ್ಲಿ ನೀರು ಕುದೀತಿತ್ತು.
ನಾಲ್ಕು ದಿನದಿಂದ ಸೌದೆ ದಂಡ."

ಸತ್ತ ಕಿವಿ ಅಂದುಕೊಂಡಿದ್ದೆ.
ಅದರ ಆಚೆ ತುದಿಯಲ್ಲಿ ಒಬ್ಬಾಕೆ
ಬೆಂಕಿಪೊಟ್ಟಣ ಹಿಡಿದು ಕೂತಿದ್ದರು.
ನನ್ನ ಬೇರಿನಿಂದ ಎಷ್ಟು ಕವಲು ಹಿಡಿದು ಹೋದರೂ
ಅವರ ಮನೆ ಬರುವುದಿಲ್ಲ.
ಕೋಡಿನಲ್ಲಿ ಅವರಿರಲಿಲ್ಲ.

ಫಾರಂ ಕೊಟ್ಟೆ. ನಿಂತುಕೊಂಡೇ ತುಂಬಿದರು.
"ವಾರಸುದಾರರು" ಎಂಬ ಗೆರೆಯನ್ನು ಬಿಟ್ಟು
"ರೀಲರ್" ಎಂಬ ಗೆರೆಯ ಮೇಲೆ
ಒತ್ತಿ ಒತ್ತಿ ತಮ್ಮ ಹೆಸರು ಬರೆದರು.
ಹೊಸ ಕಿವಿ ಕೂರಿಸಿದೆ.
ಕೆಳಗಿನ ಸಾಲಿನಲ್ಲೇ ಎಬ್ಬಿಸುವುದೂ ಇದೆ,
ಅವರಿಗೆ ಹೇಳಲಿಲ್ಲ.

ಮನೆಗೆ ನಡೆಯುವಾಗ ಗಂಗುಲಪ್ಪನಿಗಿಂತ ಮೊದಲು
ಅವನ ಡಬ್ಬದ ನಾತ ತಿರುವು ದಾಟಿ ಬಂತು.
ಯಾರದೋ ಬಾಗಿಲಲ್ಲಿ ಅವನ ದನಿ, "ಇದೆಯಾ?"
ಹಬೆಯೊಳಗಿಂದ ಒಂದು ಹೆಣ್ಣು ದನಿ,
"ಇರಪ್ಪ, ಇನ್ನೂ ಬಿಚ್ತಾ ಇದ್ದೀನಿ."